ಪ್ಲಿಕರ್ಸ್ ಕಾರ್ಡು: ಕರಾವಳಿಯ ಶಾಲೆಗೆ ಎಷ್ಟು ಒಗ್ಗುತ್ತದೆ?

"ಅರ್ಥ ಆಯ್ತಾ ಮಕ್ಕಳೇ?" ಎಂದು ಕೇಳಿದರೆ ಇಡೀ ತರಗತಿ "ಆಯ್ತು ಟೀಚರ್" ಎಂದು ರಾಗ ಎಳೆಯುತ್ತದೆ. ಆ ರಾಗದೊಳಗೆ ಎಷ್ಟು ಮಂದಿಗೆ ನಿಜವಾಗಿ ಅರ್ಥವಾಗಿದೆ, ಎಷ್ಟು ಮಂದಿ ಗುಂಪಿನಲ್ಲಿ ಗೋವಿಂದ ಅಂದಿದ್ದಾರೆ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದವರಿಗೂ ಕಿವಿಯಿಂದ ತಿಳಿಯುವುದಿಲ್ಲ. ಕೈ ಎತ್ತಿಸಿದರೆ ದಿನಾ ಏಳುವ ಆರೇಳು ಕೈಗಳೇ ಏಳುತ್ತವೆ. ಮಂಗಳೂರು, ಉಡುಪಿ ಕಡೆಯ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಪದರ ಉಂಟು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ ಮಾತಾಡುವ ಮಗುವಿಗೆ ಉತ್ತರ ಗೊತ್ತಿದ್ದರೂ ಅದನ್ನು ಪುಸ್ತಕದ ಕನ್ನಡದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ, ಎಲ್ಲರೆದುರು ವಾಕ್ಯ ಮಾಡಿ ಹೇಳಲು ನಾಚಿಕೆ. ಸುಮ್ಮನೆ ಕೂರುತ್ತದೆ. ಆ ಮೌನವನ್ನು ನಾವು "ಗೊತ್ತಿಲ್ಲ" ಎಂದು ಓದಿಬಿಡುತ್ತೇವೆ.

ಹಿಂದೆ ಸ್ಲೇಟು ಈ ಕಷ್ಟಕ್ಕೆ ಪರಿಹಾರವಾಗಿತ್ತು. ಉತ್ತರ ಬರೆದು ಎತ್ತಿ ಹಿಡಿಯಿರಿ ಎಂದರೆ ಮೂವತ್ತು ಸ್ಲೇಟು ಒಟ್ಟಿಗೆ ಏಳುತ್ತಿತ್ತು, ಮಾಷ್ಟ್ರು ಒಂದು ಸುತ್ತು ಕಣ್ಣಾಡಿಸಿದರೆ ಸಾಕಿತ್ತು. ಪ್ಲಿಕರ್ಸ್ ಆ ಸ್ಲೇಟಿನ ಮುಂದಿನ ತಲೆಮಾರು. ಮಕ್ಕಳ ಕೈಯಲ್ಲಿ ಕಾಗದದ ಕಾರ್ಡು, ಶಿಕ್ಷಕರ ಕೈಯಲ್ಲಿ ಒಂದು ಫೋನು. ಯಾರು ಏನು ಉತ್ತರ ಕೊಟ್ಟರು ಎಂಬ ಲೆಕ್ಕವನ್ನು ಫೋನು ಇಟ್ಟುಕೊಳ್ಳುತ್ತದೆ. ತರಗತಿಯಲ್ಲಿ ಉತ್ತರ ಸಂಗ್ರಹಿಸಲು ಈಗ ಸಿಗುವ ಸಾಧನಗಳ ಪೈಕಿ ನಮ್ಮ ಊರಿನ ಪ್ರೌಢಶಾಲೆ, ಹಿರಿಯ ಪ್ರಾಥಮಿಕ ಶಾಲೆಗಳಿಗೆ ಇದೇ ಸರಿ ಎಂಬುದು ಈ ವಿಮರ್ಶೆಯ ತೀರ್ಮಾನ. ಮಕ್ಕಳು ಮೊಬೈಲ್ ತರಬೇಕಿಲ್ಲ, ಕಂಪ್ಯೂಟರ್ ಕೋಣೆಗೆ ಹೋಗಬೇಕಿಲ್ಲ, ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಕಾರ್ಡು ಮಾಡಿಸುವಲ್ಲಿ, ಪ್ರಶ್ನೆ ಹೆಣೆಯುವಲ್ಲಿ ತಪ್ಪಿದರೆ ಎರಡೇ ವಾರದಲ್ಲಿ ಅದು ಸ್ಟಾಫ್ ರೂಮಿನ ಕಪಾಟು ಸೇರುತ್ತದೆ.

ಕ್ಯಾಲಿಫೋರ್ನಿಯಾದ ಗಣಿತ ಶಿಕ್ಷಕರೊಬ್ಬರು ತಮ್ಮ ತರಗತಿಗೆಂದು ಮಾಡಿಕೊಂಡ ಸಾಧನ ಇದು. ಹೆಸರು ಹುಟ್ಟಿದ್ದು ಪೇಪರ್ ಮತ್ತು ಕ್ಲಿಕ್ಕರ್ (ಗುಂಡಿ ಒತ್ತಿ ಉತ್ತರ ಕೊಡುವ ರಿಮೋಟಿನಂಥ ಯಂತ್ರ) ಎರಡನ್ನೂ ಬೆಸೆದು. ಕಾರ್ಡಿನ ಮೇಲೆ ಕಪ್ಪು ಚೌಕಗಳ ಒಂದು ಚಿತ್ತಾರ ಇರುತ್ತದೆ. ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂಬ ಪುಟ್ಟ ಅಕ್ಷರಗಳು, ಮೂಲೆಗಳಲ್ಲಿ ಕಾರ್ಡಿನ ಸಂಖ್ಯೆ. ಮಗು ತನ್ನ ಉತ್ತರದ ಅಕ್ಷರ ಮೇಲ್ಬದಿಗೆ ಬರುವಂತೆ ಕಾರ್ಡು ತಿರುಗಿಸಿ ಹಿಡಿಯಬೇಕು. ಒಂದು ಕಾರ್ಡಿನ ಚಿತ್ತಾರ ಇನ್ನೊಂದಕ್ಕಿಲ್ಲ. ಆದ್ದರಿಂದ 7ನೇ ಕಾರ್ಡಿನ ಬಿ ಮತ್ತು 8ನೇ ಕಾರ್ಡಿನ ಬಿ ಕಣ್ಣಿಗೆ ಬೇರೆ ಬೇರೆ ಕಾಣುತ್ತವೆ. ಅಕ್ಷರವೂ ಸಣ್ಣದು. ಪಕ್ಕದವನ ಕಾರ್ಡು ಇಣುಕಿ ನೋಡಿದರೆ ಏನೂ ಸಿಗುವುದಿಲ್ಲ. ಕೈ ಎತ್ತುವಾಗ ಜಾಣ ಹುಡುಗಿಯ ಕೈ ನೋಡಿ ತಾನೂ ಎತ್ತುವ ಅಭ್ಯಾಸ ಇಲ್ಲಿ ತಾನಾಗಿ ನಿಲ್ಲುತ್ತದೆ, ಮತ್ತು ತಪ್ಪು ಉತ್ತರ ಕೊಟ್ಟದ್ದು ಶಿಕ್ಷಕರಿಗಲ್ಲದೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಮಾತಾಡದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಡ.

ಕಾರ್ಡುಗಳ ಪಿಡಿಎಫ್ ಪ್ಲಿಕರ್ಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಸಾಮಾನ್ಯ ಕಟ್ಟಿನಲ್ಲಿ 40 ಕಾರ್ಡು, ದೊಡ್ಡ ಕಟ್ಟಿನಲ್ಲಿ 63. ಒಂದು ಹಾಳೆಗೆ ಎರಡು ಕಾರ್ಡು ಬರುವುದರಿಂದ 40ಕ್ಕೆ 20 ಹಾಳೆ ಸಾಕು. ಮುದ್ರಿಸುವಾಗ ಅಳತೆ ಸ್ವಲ್ಪ ಹಿರಿದು ಕಿರಿದಾದರೆ ತೊಂದರೆಯಿಲ್ಲ, ಆದರೆ ಚೌಕ ಚೌಕವಾಗಿಯೇ ಉಳಿಯಬೇಕು. ಹಾಳೆ ತುಂಬಲೆಂದು ಎಳೆದು ಉದ್ದ ಮಾಡಬಾರದು. ಟೋನರ್ ಮುಗಿಯುತ್ತ ಬಂದ ಜೆರಾಕ್ಸ್ ಯಂತ್ರದಲ್ಲಿ ಕಪ್ಪು ಬೂದು ಬಣ್ಣವಾಗಿ, ನಡುವೆ ಗೆರೆ ಗೆರೆಯಾಗಿ ಬರುತ್ತದೆ. ಅಂಥ ಕಾರ್ಡನ್ನು ಕ್ಯಾಮೆರಾ ಹತ್ತಿರದಿಂದ ಓದಿದರೂ ಹಿಂದಿನ ಬೆಂಚಿನಿಂದ ಓದುವುದಿಲ್ಲ. ಚಿತ್ತಾರದ ಸುತ್ತ ಇರುವ ಬಿಳಿ ಅಂಚನ್ನು ಚೆಂದಕ್ಕೆಂದು ಕತ್ತರಿಸಿ ಹಾಕುವವರು ಬಹಳ. ಕಪ್ಪು ಎಲ್ಲಿ ಮುಗಿಯಿತು ಎಂದು ಕ್ಯಾಮೆರಾ ಗುರುತಿಸುವುದೇ ಆ ಬಿಳಿಯಿಂದ. ಕತ್ತರಿಸಿದ ಕಾರ್ಡನ್ನು ನೀಲಿ ಯೂನಿಫಾರ್ಮಿನ ಎದುರು ಹಿಡಿದರೆ ಅಂಚೇ ಕಳೆದುಹೋಗುತ್ತದೆ.

ಇನ್ನು ಲ್ಯಾಮಿನೇಷನ್. ಕರಾವಳಿಯಲ್ಲಿ ಇದನ್ನು ಬಿಟ್ಟರೆ ಜೂನ್‌ನಲ್ಲಿ ಮಾಡಿಸಿದ ಕಾರ್ಡು ಆಗಸ್ಟ್ ಹೊತ್ತಿಗೆ ಮುದುಡಿ, ಬೂಷ್ಟು ಹಿಡಿದು, ಕಪ್ಪಿನ ಮೇಲೆ ಬಿಳಿ ಚುಕ್ಕೆ ಎದ್ದಿರುತ್ತದೆ. ಆದರೆ ಸಾಮಾನ್ಯ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟಿನ ಬೆಳಕು ಕಾರ್ಡಿನಲ್ಲಿ ಪ್ರತಿಫಲಿಸಿ ಕಪ್ಪು ಚೌಕವೇ ಬೆಳ್ಳಗೆ ಕಾಣುತ್ತದೆ, ಫೋನು ಆ ಕಾರ್ಡನ್ನು ಬಿಟ್ಟು ಮುಂದೆ ಹೋಗುತ್ತದೆ. ಅಂಗಡಿಯಲ್ಲಿ ಮ್ಯಾಟ್ ಫಿಲ್ಮ್ ಎಂದೇ ಕೇಳಿ. ಮೊದಲು ಕಾರ್ಡುಗಳನ್ನು ಒಂದೊಂದಾಗಿ ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿಸಿ, ಸುತ್ತ ಮೂರು ನಾಲ್ಕು ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಉಳಿಸಬೇಕು. ಹಾಳೆಯನ್ನು ಇಡಿಯಾಗಿ ಲ್ಯಾಮಿನೇಟ್ ಮಾಡಿ ನಂತರ ಕತ್ತರಿಸಿದರೆ ಕಾಗದದ ಅಂಚು ತೆರೆದುಕೊಳ್ಳುತ್ತದೆ, ಮೊದಲ ಮಳೆಗೇ ತೇವ ಒಳಗೆ ನುಸುಳಿ ಎರಡು ಪದರ ಬಿಟ್ಟುಕೊಳ್ಳುತ್ತವೆ. ಮ್ಯಾಟ್ ಸಿಗದಿದ್ದರೆ 250ರಿಂದ 300 ಜಿಎಸ್‌ಎಮ್‌ನ ದಪ್ಪ ಹಾಳೆಗೆ ಮುದ್ರಿಸಿ ಹಾಗೆಯೇ ಬಳಸಬಹುದು, ಇಲ್ಲವೇ ಹಳೆಯ ಮದುವೆ ಕಾಗದಗಳ ರಟ್ಟಿನ ಮೇಲೆ ತೆಳುವಾಗಿ ಅಂಟು ಹಚ್ಚಿ ಅಂಟಿಸಬಹುದು. ಅಂಟು ಹೆಚ್ಚಾದರೆ ಕಾಗದ ಸುಕ್ಕಾಗುತ್ತದೆ. ಸುಕ್ಕು ಬಿದ್ದಲ್ಲಿ ಗೆರೆ ಬಾಗಿ ಚೌಕದ ಆಕಾರ ಕೆಡುತ್ತದೆ.

ಕಾರ್ಡಿನ ಸಂಖ್ಯೆಗೆ ಹಾಜರಿ ಸಂಖ್ಯೆಯನ್ನೇ ಜೋಡಿಸುವುದು ಸುಲಭ ಎಂದು ತೋರುತ್ತದೆ. ಜೂನ್, ಜುಲೈಯಲ್ಲಿ ಹೊಸ ದಾಖಲಾತಿ ಬಂದು ಹಾಜರಿ ಪುಸ್ತಕದ ಕ್ರಮ ಬದಲಾದಾಗ ಅದು ಎಡವಟ್ಟಾಗುತ್ತದೆ. ಒಮ್ಮೆ ಕೊಟ್ಟ ಕಾರ್ಡು ಸಂಖ್ಯೆಯನ್ನು ವರ್ಷವಿಡೀ ಬದಲಿಸಬೇಡಿ. ಹೊಸದಾಗಿ ಬಂದವರಿಗೆ ಕೊನೆಯ ಸಂಖ್ಯೆಗಳನ್ನು ಕೊಡಿ. ಮಕ್ಕಳ ಪೂರ್ತಿ ಹೆಸರನ್ನು ಖಾತೆಗೆ ಹಾಕುವ ಅಗತ್ಯವೂ ಇಲ್ಲ. ಮಾಹಿತಿ ಹೋಗಿ ಕೂರುವುದು ಹೊರದೇಶದ ಕಂಪೆನಿಯ ಸರ್ವರಿನಲ್ಲಿ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. "ಎಂಟು ಬಿ 14" ಎಂದಷ್ಟೇ ಬರೆದುಕೊಂಡು, ಹೆಸರಿನ ಪಟ್ಟಿ ನಿಮ್ಮ ಪುಸ್ತಕದಲ್ಲಿರಲಿ.

ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು, ಚಿತ್ರವನ್ನೂ ಸೇರಿಸಬಹುದು. ಇಲ್ಲಿ ಕನ್ನಡ ಶಿಕ್ಷಕರು ಎಡವುವ ಜಾಗ ಒಂದುಂಟು. ಶಾಲೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಪ್ರಶ್ನೆಪತ್ರಿಕೆಯಿಂದ ನಕಲು ಮಾಡಿ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಕೆಟ್ಟದ್ದು ಪ್ಲಿಕರ್ಸ್ ಅಲ್ಲ. ಆ ಕಡತದಲ್ಲಿರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಅಂಟಿಸಬೇಕು, ಅಥವಾ ಫೋನಿನ ಕನ್ನಡ ಕೀಲಿಮಣೆಯಲ್ಲಿ ನೇರವಾಗಿ ಟೈಪು ಮಾಡಬೇಕು. ಉಚಿತ ಖಾತೆಯಲ್ಲಿ ಒಂದು ಸೆಟ್‌ಗೆ ಐದೇ ಪ್ರಶ್ನೆ, ಆದರೆ ಸೆಟ್‌ಗಳನ್ನು ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಈ ಮಿತಿಯನ್ನು ಕೊರತೆ ಎಂದು ದೂರುವವರಿದ್ದಾರೆ. 40 ನಿಮಿಷದ ಅವಧಿಯಲ್ಲಿ ಐದಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರೆ ಪಾಠ ಹೋಗಿ ಪರೀಕ್ಷೆಯಾಗುತ್ತದೆ. ಮೂರೇ ಸಾಕು. ಹಣ ಕೊಟ್ಟು ಪ್ರೊ ಖಾತೆ ತೆಗೆದುಕೊಳ್ಳುವ ಅಗತ್ಯ ಒಂದು ಶಾಲೆಯ ಶಿಕ್ಷಕರಿಗೆ ಕಾಣುವುದಿಲ್ಲ.

ಪ್ರೊಜೆಕ್ಟರ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಜಾಲತಾಣ ತೆರೆದಿಡಿ. ಫೋನಿನಲ್ಲಿ ಆರಿಸಿದ ಪ್ರಶ್ನೆ ಪರದೆಗೆ ಬರುತ್ತದೆ. ಎರಡೂ ಒಂದೇ ವೈಫೈಯಲ್ಲಿ ಇರಬೇಕೆಂದಿಲ್ಲ, ಎರಡಕ್ಕೂ ಇಂಟರ್ನೆಟ್ ಇದ್ದರಾಯಿತು. ಮಳೆಗಾಲದಲ್ಲಿ ಕರೆಂಟು ಹೋದರೆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಫೋನಿನ ಮೊಬೈಲ್ ಡೇಟಾದಲ್ಲೇ ಸ್ಕ್ಯಾನ್ ಮಾಡಬಹುದು. ಸ್ಕ್ಯಾನ್ ಮಾಡುವಾಗ ಕ್ಯಾಮೆರಾದ ಚಿತ್ರದಲ್ಲೇ ಪ್ರತಿ ಕಾರ್ಡಿನ ಮೇಲೆ ನೀವು ಖಾತೆಗೆ ಹಾಕಿದ ಹೆಸರು ಮೂಡಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರುತ್ತದೆ. ಫೋನನ್ನು ಎದೆಯ ಎತ್ತರಕ್ಕೆ ಹಿಡಿದು ಎಡದಿಂದ ಬಲಕ್ಕೆ ನಿಧಾನ ತಿರುಗಿಸಬೇಕು. ಅವಸರದಲ್ಲಿ ಬೀಸಿದರೆ ಚಿತ್ರ ಮಸುಕಾಗಿ ನಡುವಿನ ಸಾಲು ಬಿಟ್ಟುಹೋಗುತ್ತದೆ. ಮಗು ಮನಸ್ಸು ಬದಲಿಸಿ ಕಾರ್ಡು ತಿರುಗಿಸಿದರೆ ಕೊನೆಗೆ ಕಂಡ ಉತ್ತರವೇ ದಾಖಲಾಗುತ್ತದೆ.

ಕಾರ್ಡು ಓದದಿದ್ದರೆ ಮೊದಲು ನೋಡಬೇಕಾದ್ದು ಬೆರಳು. ಚಿಕ್ಕ ಮಕ್ಕಳು ಮೂಲೆ ಬಿಟ್ಟು ನಡುವೆ ಹಿಡಿಯುತ್ತಾರೆ, ಹೆಬ್ಬೆರಳು ಒಂದು ಕಪ್ಪು ಚೌಕ ಮುಚ್ಚಿದರೂ ಕಾರ್ಡು ಕುರುಡಾಗುತ್ತದೆ. ಕೆಳಗಿನ ಎರಡು ಮೂಲೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಗಲ್ಲದ ಕೆಳಗೆ, ನೆಟ್ಟಗೆ ಎಂದು ಮೊದಲ ದಿನ ಐದು ನಿಮಿಷ ಬರೀ ಹಿಡಿಯುವುದನ್ನೇ ಕಲಿಸಿ. ಎರಡನೆಯದು ಕಿಟಕಿ. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ದೊಡ್ಡ ಕಿಟಕಿಗಳು ಮಕ್ಕಳ ಬೆನ್ನ ಹಿಂದೆ ಇರುವುದುಂಟು. ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಕಾರ್ಡನ್ನು ಕತ್ತಲಲ್ಲಿ ಮುಳುಗಿಸುತ್ತದೆ. ಬೆಳಕು ನಿಮ್ಮ ಬೆನ್ನಿಗೆ ಬರುವಂತೆ ಜಾಗ ಬದಲಿಸಿ ನಿಂತರೆ ಸರಿಹೋಗುತ್ತದೆ. ಹೊಳಪಿನ ತೊಂದರೆಗೆ ಕಾರ್ಡಿನ ಮೇಲ್ತುದಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಲು ಹೇಳಿ. ಹಿಂದಿನ ಬೆಂಚು ಆಗಲೂ ಬರದಿದ್ದರೆ ನಾಲ್ಕು ಹೆಜ್ಜೆ ಒಳಗೆ ನಡೆಯಿರಿ. ಅದರಿಂದ ಹಿಂದಿನ ಬೆಂಚಿನವರ ಮುಖವೂ ಕಾಣುತ್ತದೆ.

ಯಂತ್ರದ ಮಾತು ಇಷ್ಟೇ. ಪ್ಲಿಕರ್ಸ್ ಗೆಲ್ಲುವುದೂ ಸೋಲುವುದೂ ಪ್ರಶ್ನೆಯಲ್ಲಿ. ಮಾರುಕಟ್ಟೆಯ ಗೈಡಿನಿಂದ ಎತ್ತಿದ ಬಹು ಆಯ್ಕೆ ಪ್ರಶ್ನೆ ಹಾಕಿದರೆ ಎಷ್ಟು ಮಂದಿ ಸರಿ, ಎಷ್ಟು ಮಂದಿ ತಪ್ಪು ಎಂದಷ್ಟೇ ಗೊತ್ತಾಗುತ್ತದೆ. ಏಕೆ ತಪ್ಪು ಎಂದು ಗೊತ್ತಾಗಬೇಕಾದರೆ ಪ್ರತಿ ತಪ್ಪು ಆಯ್ಕೆಯೂ ಒಂದು ತಪ್ಪು ತಿಳಿವಳಿಕೆಯ ಬಾಗಿಲಾಗಿರಬೇಕು. ದಶಮಾಂಶದ ಒಂದು ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ.

"0.5, 0.45, 0.405: ಇವುಗಳಲ್ಲಿ ದೊಡ್ಡದು ಯಾವುದು?" ಅಂಕೆ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿದ ಮಗು ಬಿಂದುವನ್ನು ಮರೆತು 405 ಎಂದು ಓದಿ ಮೂರನೆಯದನ್ನು ಆರಿಸುತ್ತದೆ. 32 ಮಕ್ಕಳಲ್ಲಿ 26 ಮಂದಿ 0.5 ಎಂದರು ಎಂದಿಟ್ಟುಕೊಳ್ಳಿ. ಪರದೆ ತುಂಬ ಹಸಿರು. ಖುಷಿಯಾಗಿ ಮುಂದಿನ ಪಾಠಕ್ಕೆ ಹೋಗಬೇಕೆನಿಸುತ್ತದೆ. ಹೋಗಬಾರದು. ದಶಮಾಂಶದಲ್ಲಿ ಅಂಕೆ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂಬ ಇನ್ನೊಂದು ತಪ್ಪು ನಂಬಿಕೆ ಮಕ್ಕಳಲ್ಲಿ ಇದೆ. ಹತ್ತನೆಯ ಭಾಗಕ್ಕಿಂತ ಸಾವಿರದ ಭಾಗ ಚಿಕ್ಕದು ಎಂದು ಕಲಿತದ್ದನ್ನು ಅವರು ಎಳೆದು ಹಿಗ್ಗಿಸಿಕೊಂಡಿರುತ್ತಾರೆ. ಆ ಮಕ್ಕಳೂ ಇಲ್ಲಿ 0.5 ಎಂದೇ ಹೇಳುತ್ತಾರೆ. ಉತ್ತರ ಸರಿ, ಕಾರಣ ತಪ್ಪು. ಅದಕ್ಕೇ ಜೊತೆಗೊಂದು ಪ್ರಶ್ನೆ ಬೇಕು: "0.62, 0.6, 0.584: ದೊಡ್ಡದು ಯಾವುದು?" ಈಗ ಮೊದಲ ಗುಂಪು 0.584ಕ್ಕೆ ಹೋಗುತ್ತದೆ, ಎರಡನೆಯ ಗುಂಪು 0.6ಕ್ಕೆ, ಸ್ಥಾನಬೆಲೆ ತಿಳಿದವರು ಮಾತ್ರ 0.62ಕ್ಕೆ. ಎರಡು ಪ್ರಶ್ನೆಯ ವರದಿ ಪಕ್ಕಪಕ್ಕ ಇಟ್ಟರೆ ನಾಳೆ ಯಾವ ಮಗುವಿಗೆ ಏನು ಹೇಳಬೇಕೆಂಬುದು ಹೆಸರು ಸಮೇತ ಕೈಯಲ್ಲಿರುತ್ತದೆ. ಈ ಸೂಕ್ಷ್ಮ ಸ್ಲೇಟಿಗೆ ಸಾಧ್ಯವಿರಲಿಲ್ಲ, ಏಕೆಂದರೆ ಸ್ಲೇಟು ಒರೆಸಿದ ಕೂಡಲೇ ಲೆಕ್ಕವೂ ಅಳಿಸಿಹೋಗುತ್ತಿತ್ತು.

ವಿಜ್ಞಾನಕ್ಕಾದರೆ ಊರಿನದ್ದೇ ಪ್ರಶ್ನೆ ಇದೆ. "ಮಧ್ಯಾಹ್ನ ಪಣಂಬೂರು ಕಡಲ ತೀರದಲ್ಲಿ ಗಾಳಿ ಸಮುದ್ರದಿಂದ ದಡಕ್ಕೆ ಬೀಸುವುದೇಕೆ?" ಎ: ಅಲೆಗಳು ಗಾಳಿಯನ್ನು ದಡಕ್ಕೆ ತಳ್ಳುತ್ತವೆ. ಬಿ: ನೆಲ ಬೇಗ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಸಿ: ನೀರು ನೆಲಕ್ಕಿಂತ ಬೇಗ ಕಾಯುತ್ತದೆ. ಡಿ: ನೀರು ಆವಿಯಾಗಿ ಗಾಳಿಯಾಗುತ್ತದೆ. ಎ ಎಂಬ ಆಯ್ಕೆ ಮಕ್ಕಳು ಕಣ್ಣಾರೆ ಕಂಡದ್ದಕ್ಕೆ ತೀರಾ ಹತ್ತಿರ. ಕಾರಣ ಮತ್ತು ಪರಿಣಾಮವನ್ನು ತಿರುವುಮುರುವು ಮಾಡಿಕೊಂಡವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಉತ್ತರ ಬಂದ ಮೇಲಿನ ಎರಡು ನಿಮಿಷ ಇಡೀ ಅವಧಿಯ ತಿರುಳು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬಳಸುತ್ತ ಬಂದ ಸಹಪಾಠಿ ಬೋಧನೆಯ ಕ್ರಮ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಪ್ರಶ್ನೆ ತೋರಿಸಿ, ಒಂದೆರಡು ನಿಮಿಷ ಯಾರೂ ಮಾತಾಡದೆ ಯೋಚಿಸಿ ಕಾರ್ಡು ಹಿಡಿಯಲಿ. ಸರಿಯುತ್ತರ ಶೇಕಡಾ 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನು ಬೇರೆ ರೀತಿಯಲ್ಲಿ ಮತ್ತೆ ಹೇಳಬೇಕು, ಚರ್ಚೆಗೆ ಬಿಟ್ಟರೆ ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಹೇಳಿಕೊಟ್ಟಂತಾಗುತ್ತದೆ. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬಹುದು. ನಡುವೆ ಇದ್ದರೆ ಪಕ್ಕದವರೊಡನೆ ಎರಡು ಮೂರು ನಿಮಿಷ ವಾದ ಮಾಡಲು ಬಿಟ್ಟು, ಅದೇ ಪ್ರಶ್ನೆಗೆ ಮತ್ತೆ ಕಾರ್ಡು ಹಿಡಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಚರ್ಚೆಗೆ ಮೊದಲೇ ಪರದೆಯಲ್ಲಿ ಗ್ರಾಫ್ ತೋರಿಸಿಬಿಡುತ್ತಾರೆ. ಯಾವ ಕಂಬ ಎತ್ತರ ಇದೆಯೋ ಅತ್ತ ಮಕ್ಕಳು ವಾಲುತ್ತಾರೆ, ವಾದವೇ ಹುಟ್ಟುವುದಿಲ್ಲ. ಎರಡನೇ ಸುತ್ತು ಮುಗಿಯುವವರೆಗೆ ಗ್ರಾಫನ್ನೂ ಸರಿಯುತ್ತರವನ್ನೂ ಮುಚ್ಚಿಡಿ. ಆ ಮೂರು ನಿಮಿಷ ಮಕ್ಕಳು ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿಕೊಳ್ಳಲಿ. "ದಾಯೆಗ್?" (ಏಕೆ?) ಎಂದು ಪಕ್ಕದವಳು ತುಳುವಿನಲ್ಲಿ ಕೇಳಿದಾಗ ಹೊರಬರುವ ಕಾರಣ, ಪುಸ್ತಕದ ಕನ್ನಡದಲ್ಲಿ ಕೇಳಿದರೆ ಬರುವುದಿಲ್ಲ. ಭಾಷೆಯನ್ನು ಆಮೇಲೆ ತಿದ್ದಬಹುದು.

ಬೇರೆ ಸಾಧನಗಳ ಮಾತಿಗೆ ಬಂದರೆ, ಪಿಯು ಮತ್ತು ಪದವಿ ತರಗತಿಗಳಲ್ಲಿ ಫೋನಿಗೆ ಅವಕಾಶ ಇರುವ ಕಡೆ, ವಿದ್ಯಾರ್ಥಿಗಳು ತಮ್ಮ ಫೋನಿನಲ್ಲೇ ಉತ್ತರ ಒತ್ತುವ ಕಹೂಟ್, ಮೆಂಟಿಮೀಟರ್ ನಡೆಯುತ್ತವೆ. ನಾರ್ವೆಯ ಕಹೂಟ್ ಆಟದ ಹುರುಪು ತರುವುದರಲ್ಲಿ ಮುಂದು. ಆದರೆ ಅದರ ಸಹಜ ವ್ಯವಸ್ಥೆಯಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ, ಒಂದು ಪ್ರಶ್ನೆಗೆ 1000ದವರೆಗೆ. ಪ್ರಶ್ನೆ ಓದುವ ಮೊದಲೇ ಬೆರಳು ಓಡುತ್ತದೆ, ಕನ್ನಡ ನಿಧಾನ ಓದುವ ಮಗು ಮೊದಲ ಸುತ್ತಿನಲ್ಲೇ ಪಟ್ಟಿಯ ತಳಕ್ಕೆ ಬಿದ್ದು ಆಸೆ ಬಿಡುತ್ತದೆ. ಬಳಸುವುದೇ ಆದರೆ ಸಮಯವನ್ನು 60 ಸೆಕೆಂಡಿಗಿಂತ ಹೆಚ್ಚಿಡಿ, ಅಂಕ ತೆಗೆದುಹಾಕಿ. ಮೆಂಟಿಮೀಟರಿನ ಉಚಿತ ಖಾತೆಗೆ ತಿಂಗಳಿಗೆ 50 ಮಂದಿಯ ಮಿತಿ. 60 ವಿದ್ಯಾರ್ಥಿಗಳ ಒಂದೇ ತರಗತಿಗೂ ಸಾಲದು. ಇದಲ್ಲದೆ ಮನೆಗೆ ಹಾಕಿಸುವಂಥ ಒಂದೇ ರೂಟರಿಗೆ 60 ಫೋನು ಒಟ್ಟಿಗೆ ಜೋತುಬಿದ್ದರೆ ಅರ್ಧ ತರಗತಿ "ಸರ್, ಲೋಡ್ ಆಗ್ತಿಲ್ಲ" ಎನ್ನುತ್ತಲೇ ಅವಧಿ ಮುಗಿಯುತ್ತದೆ. ರಿಮೋಟಿನಂಥ ಕ್ಲಿಕ್ಕರ್ ಯಂತ್ರಗಳನ್ನು ಕೊಂಡ ಸಂಸ್ಥೆಗಳು ಏಪ್ರಿಲ್ ರಜೆಗೆ ಮೊದಲು ಸೆಲ್ ತೆಗೆದಿಡುವುದನ್ನು ಮರೆಯಬಾರದು. ಉಪ್ಪುಗಾಳಿ, ತೇವ ಎರಡೂ ಸೇರಿ ಸೆಲ್ ಕೂರುವ ಜಾಗದ ತಗಡಿಗೆ ಕಿಲುಬು ಹಿಡಿದರೆ ಜೂನ್‌ನಲ್ಲಿ ಅವು ಬದುಕುವುದಿಲ್ಲ.

ಪ್ಲಿಕರ್ಸ್‌ಗೂ ಎಟುಕದ ಸಂಗತಿಗಳಿವೆ. ಆಯ್ಕೆ ನಾಲ್ಕೇ, ಐದನೆಯದಕ್ಕೆ ಜಾಗವಿಲ್ಲ. ಲೆಕ್ಕದ ಹಂತ, ಚಿತ್ರ ಬಿಡಿಸಿದ್ದು, ವ್ಯಾಕರಣದ ವಾಕ್ಯ ಯಾವುದನ್ನೂ ಅದು ನೋಡದು. ಅದಕ್ಕೆ ಇಂದಿಗೂ ಸ್ಲೇಟೇ ಬೇಕು. 63ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಇಬ್ಬರಿಗೊಂದು ಕಾರ್ಡು ಕೊಟ್ಟು ಜೋಡಿಯಾಗಿ ಉತ್ತರಿಸಲು ಹೇಳಬೇಕಾಗುತ್ತದೆ. ದಿನವೂ ಬಳಸಿದರೆ ಹೊಸತನ ಸವೆಯುತ್ತದೆ, ವಾರಕ್ಕೆ ಎರಡು ಮೂರು ಅವಧಿ ಹದ. ಮತ್ತು ಕಾರ್ಡಿನ ಉತ್ತರವನ್ನು ಆಂತರಿಕ ಅಂಕಕ್ಕೆ ಸೇರಿಸುವುದು ಬೇಡವೇ ಬೇಡ. ಅಂಕ ಸಿಗುತ್ತದೆಂದು ಗೊತ್ತಾದ ದಿನವೇ ಮಕ್ಕಳು ಪಕ್ಕದವರನ್ನು ಕೇಳಿ ತಿರುಗಿಸಲು ಶುರುಮಾಡುತ್ತಾರೆ, ನಿಮಗೆ ಬೇಕಾಗಿದ್ದ ಪ್ರಾಮಾಣಿಕ ತಪ್ಪು ಸಿಗದೇ ಹೋಗುತ್ತದೆ.

ಕಾರ್ಡುಗಳನ್ನು ಮಕ್ಕಳ ಚೀಲಕ್ಕೆ ಕಳಿಸಬೇಡಿ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್‌ನ ಒಂದೆರಡು ಪೊಟ್ಟಣದೊಡನೆ ಇಡಿ. ತರಗತಿ ನಾಯಕಿ ಹಾಜರಿ ಕರೆಯುವಾಗಲೇ ಹಂಚಿದರೆ ಸಮಯ ಹಾಳಾಗುವುದಿಲ್ಲ. ಹಂಚಿ ಉಳಿದ ಕಾರ್ಡುಗಳೇ ಅಂದಿನ ಗೈರುಹಾಜರಿ. ಒಂದು ಕಳೆದುಹೋದರೆ ಇಡೀ ಕಟ್ಟು ಮಾಡಿಸಬೇಕಿಲ್ಲ. ಪಿಡಿಎಫ್ ಫೋನಿನಲ್ಲಿ ಇಟ್ಟುಕೊಂಡು, ಆ ಸಂಖ್ಯೆ ಇರುವ ಪುಟವೊಂದನ್ನೇ ಮುದ್ರಿಸಿದರಾಯಿತು.